ತರಗೆಲೆ ಕೊಳೆತರೂ ಸುಟ್ಟರೂ ಇಂಗಾಲ ಗಾಳಿಗೇ ಹೋಗುವುದಾದರೆ ವ್ಯತ್ಯಾಸವೇನು?

ಹೊಸನಗರದ ತೋಟಿಗ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ, ಸ್ವಲ್ಪ ಗದ್ದೆ ಮತ್ತು ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟವನ್ನು (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡನ್ನು) ನೋಡಿಕೊಳ್ಳುತ್ತಿದ್ದೇನೆ. ಸುಗ್ಗಿ ಮುಗಿದ ಮೇಲೆ ಅಡಿಕೆ ಸಿಪ್ಪೆಯ ರಾಶಿಯನ್ನು ಏನು ಮಾಡಬೇಕೆಂಬ ಚರ್ಚೆ ನಮ್ಮೂರಿನಲ್ಲಿ ಪ್ರತಿವರ್ಷವೂ ಏಳುತ್ತದೆ. ಹಲವರು ಅದನ್ನು ರಸ್ತೆಯ ಬದಿಗೆ ಸುರಿದು ಬೆಂಕಿ ಹಚ್ಚುತ್ತಾರೆ. ಬೇಸಿಗೆಯಲ್ಲಿ ಬೆಟ್ಟದ ದರಕಿಗೂ, ಅಂದರೆ ಉದುರಿದ ಒಣ ಎಲೆಗೂ, ಬೆಂಕಿ ಕೊಡುವವರಿದ್ದಾರೆ.

ಇದಕ್ಕೆ ನಾನು ಆಕ್ಷೇಪಿಸಿದಾಗ ಓದಿಕೊಂಡವರೇ ಒಬ್ಬರು ಕೊಟ್ಟ ಉತ್ತರ ನನ್ನನ್ನು ಯೋಚನೆಗೆ ಹಚ್ಚಿದೆ. ಎಲೆ ಕೊಳೆತರೂ ಅದರೊಳಗಿನ ಇಂಗಾಲ ಗಾಳಿಗೆ ಹೋಗುತ್ತದೆ, ಸುಟ್ಟರೂ ಗಾಳಿಗೇ ಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಅದೇ ಮರ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಹಾಗಾಗಿ ಲೆಕ್ಕ ಸಮವಾಗುತ್ತದೆ ಎಂಬುದು ಅವರ ವಾದ. ಜ್ವಾಲಾಮುಖಿಗಳು ಉಗುಳುವ ಅನಿಲದ ಮುಂದೆ ಮನುಷ್ಯನ ಪಾಲು ಏನೂ ಅಲ್ಲ, ಅದರಲ್ಲಿಯೂ ಇಷ್ಟು ಹಸಿರಿರುವ ಮಲೆನಾಡಿನವರು ಇಂಗಾಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ ಕಾರಣವಿಲ್ಲ ಎಂದೂ ಅವರು ಸೇರಿಸಿದರು. ಈ ಮಾತುಗಳಲ್ಲಿ ಎಷ್ಟು ನಿಜವಿದೆ, ಎಲ್ಲಿ ತಪ್ಪಿದೆ ಎಂಬುದನ್ನು ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಊರಿನ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತುವ ಮೊದಲು ನನಗೆ ಅದು ಸರಿಯಾಗಿ ಅರ್ಥವಾಗಬೇಕಾಗಿದೆ.

ಜಂಬಿಟ್ಟಿಗೆ, ತೀರ್ಥಹಳ್ಳಿ ಉತ್ತರಿಸಿದ್ದಾರೆ:

ನಿಮ್ಮೂರಿನವರ ವಾದದ ಮೊದಲ ಭಾಗದಲ್ಲಿ ಸತ್ಯಾಂಶವಿದೆ. ಆದ್ದರಿಂದ ಅದನ್ನು ತಳ್ಳಿಹಾಕುವ ಬದಲು ಅದು ಎಲ್ಲಿಯವರೆಗೆ ಸರಿ ಎಂಬುದನ್ನು ನೋಡುವುದು ಒಳ್ಳೆಯದು.

ಭೂಮಿಯ ಮೇಲಿನ ಸಸ್ಯಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಗಾಳಿಯಿಂದ ತೆಗೆದುಕೊಳ್ಳುತ್ತವೆ. ಸಸ್ಯಗಳ ಉಸಿರಾಟ, ಶಿಲೀಂಧ್ರ ಮತ್ತು ಸೂಕ್ಷ್ಮಜೀವಿಗಳು ನಡೆಸುವ ಕೊಳೆಯುವಿಕೆ, ಕಾಡಿನ ಬೆಂಕಿ ಇವುಗಳ ಮೂಲಕ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಗಾಳಿಗೆ ಮರಳುತ್ತದೆ. ಈ ಕೊಡುಕೊಳ್ಳುವಿಕೆ ಸಾವಿರಾರು ವರ್ಷಗಳ ಕಾಲ ಸರಿದೂಗಿದ್ದರಿಂದಲೇ ಕೈಗಾರಿಕೆಗಳು ಬೆಳೆಯುವ ಮುನ್ನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ದಶಲಕ್ಷಕ್ಕೆ ಸುಮಾರು 280 ಭಾಗದ ಆಸುಪಾಸಿನಲ್ಲಿ ನಿಂತಿತ್ತು. ಬೆಟ್ಟದಲ್ಲಿ ಉದುರಿ ಕೊಳೆಯುವ ಎಲೆ ಈ ವೇಗದ ಚಕ್ರದ ಒಂದು ಭಾಗ.

ಇದರ ಅಡಿಯಲ್ಲಿ ಇನ್ನೊಂದು ಚಕ್ರ ಅತ್ಯಂತ ನಿಧಾನವಾಗಿ ತಿರುಗುತ್ತದೆ. ಮಳೆಯ ನೀರು ಗಾಳಿಯಿಂದಲೂ, ಬೇರುಗಳು ಉಸಿರಾಡುವ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೆಳುವಾದ ಆಮ್ಲವಾಗುತ್ತದೆ. ಆ ಆಮ್ಲ ಬಂಡೆಯನ್ನು ಸವೆಸುತ್ತದೆ. ಕರಗಿದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ತುಂಗೆ, ಶರಾವತಿಯಂತಹ ನದಿಗಳಲ್ಲಿ ಹರಿದು ಸಮುದ್ರ ಸೇರುತ್ತವೆ. ಅಲ್ಲಿನ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ. ಚಿಪ್ಪುಗಳು ತಳದಲ್ಲಿ ಅಡಕವಾಗಿ ಸುಣ್ಣಕಲ್ಲಾಗುತ್ತವೆ. ಲಕ್ಷಾಂತರ, ಕೋಟ್ಯಂತರ ವರ್ಷಗಳ ಬಳಿಕ ಜ್ವಾಲಾಮುಖಿಗಳು ಅದರಲ್ಲಿ ಒಂದಿಷ್ಟನ್ನು ಗಾಳಿಗೆ ಮರಳಿಸುತ್ತವೆ. ನಮ್ಮ ಕೆಮ್ಮಣ್ಣು ಮತ್ತು ಜಂಬಿಟ್ಟಿಗೆ ಕಲ್ಲು (ಲ್ಯಾಟರೈಟ್) ಈ ಕೆಲಸಕ್ಕೆ ಕಣ್ಣೆದುರಿನ ಸಾಕ್ಷಿಯಾಗಿವೆ. ಯುಗಯುಗಗಳ ಮಳೆ ಇಲ್ಲಿನ ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿದೆ. ಮಲೆನಾಡಿನ ಮಣ್ಣು ಹುಳಿಯಾಗಿರುವುದಕ್ಕೂ ಇದೇ ಕಾರಣ.

ಮನುಷ್ಯ ಮಾಡಿದ್ದೇನೆಂದರೆ, ಕೋಟ್ಯಂತರ ವರ್ಷಗಳಿಂದ ನೆಲದಡಿಯಲ್ಲಿ ಹೂತಿದ್ದ ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ಅನಿಲವನ್ನು ಹೊರತೆಗೆದು ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲವನ್ನು ವೇಗದ ಚಕ್ರದೊಳಕ್ಕೆ ಸುರಿಯುತ್ತಿರುವುದು. ಜ್ವಾಲಾಮುಖಿಗಳು ಒಂದು ವರ್ಷದಲ್ಲಿ ಹೊರಹಾಕುವುದು ಇದರ ನೂರನೇ ಒಂದು ಪಾಲಿನಷ್ಟು ಮಾತ್ರ. ಸಸ್ಯಗಳ 12,000 ಕೋಟಿ ಟನ್ನಿನ ಮುಂದೆ 1,000 ಕೋಟಿ ಸಣ್ಣದಾಗಿ ಕಂಡೀತು. ಆದರೆ ಮೊದಲನೆಯದು ಹೋಗಿ ಬರುವ ಇಂಗಾಲ, ಎರಡನೆಯದು ಬರುತ್ತಲೇ ಇರುವ ಇಂಗಾಲ. ಹೀಗೆ ಸೇರುವುದರಲ್ಲಿ ಸುಮಾರು ಅರ್ಧವನ್ನು ಸಾಗರಗಳೂ ನೆಲದ ಸಸ್ಯಗಳೂ ಹೀರಿಕೊಳ್ಳುತ್ತಿವೆ. ಉಳಿದ ಅರ್ಧ ಗಾಳಿಯಲ್ಲೇ ನಿಲ್ಲುತ್ತಿದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭಿಸಿದಾಗ ದಶಲಕ್ಷಕ್ಕೆ ಸುಮಾರು 315 ಭಾಗವಿದ್ದದ್ದು ಈಗ 420ನ್ನು ದಾಟಿದೆ.

ಹೆಚ್ಚಾದದ್ದು ನೆಲದಡಿಯ ಇಂಗಾಲವೇ ಎಂಬುದಕ್ಕೆ ಪುರಾವೆಯೂ ಇದೆ. ಬದುಕಿರುವ ಸಸ್ಯಗಳಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ರೂಪ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ, ಅದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದು ಎಂದೋ ಪೂರ್ತಿ ಕರಗಿಹೋಗಿರುವುದರಿಂದ ಅವುಗಳ ಹೊಗೆ ಗಾಳಿಯಲ್ಲಿ ಕಾರ್ಬನ್-14ರ ಪಾಲನ್ನು ತೆಳುಗೊಳಿಸುತ್ತದೆ. ಹಾನ್ಸ್ ಸ್ಯೂಸ್ ಅವರು ಇದನ್ನು 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ಗುರುತಿಸಿದರು.

ಇನ್ನು ‘ಲೆಕ್ಕ ಸಮ’ ಎಂಬ ಮಾತು. ಅದು ಒಂದು ಷರತ್ತಿನ ಮೇಲೆ ನಿಂತಿದೆ: ಕಾಡು ಮತ್ತು ಮಣ್ಣಿನಲ್ಲಿರುವ ದಾಸ್ತಾನು ಕುಗ್ಗಬಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರನ್ನು ಕರಗಿಸಲು ಬಳಸಿದ್ದು ಮಲೆನಾಡಿನ ಕಾಡಿನ ಮರದ ಇದ್ದಿಲನ್ನು. ಆ ಮರಗಳ ಇಂಗಾಲ ಇತ್ತೀಚಿನವರೆಗೆ ಗಾಳಿಯಲ್ಲೇ ಇದ್ದದ್ದು, ಹಾಗಾಗಿ ತಾತ್ವಿಕವಾಗಿ ಮತ್ತೆ ಮರಕ್ಕೆ ಮರಳಬಹುದಾದದ್ದು. ಕಡಿದ ಜಾಗದಲ್ಲಿ ಅಷ್ಟೇ ದೊಡ್ಡ ಕಾಡು ಮತ್ತೆ ಬೆಳೆದಿದ್ದರೆ ಅದು ಮರಳಿರುತ್ತದೆ. ಯಾವ ಜಾಗ ಹೊಲವಾಯಿತೋ, ರಸ್ತೆಯಾಯಿತೋ, ಬಡಾವಣೆಯಾಯಿತೋ, ಅಲ್ಲಿನ ಮರಗಳ ಇಂಗಾಲಕ್ಕೆ ಮರಳಲು ಮನೆಯೇ ಇಲ್ಲ. ಗಾಳಿಯ ಪಾಲಿಗೆ ಅದಕ್ಕೂ ಕಲ್ಲಿದ್ದಲಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಮಣ್ಣಿನ ವಿದ್ಯಾರ್ಥಿ, ಶಿವಮೊಗ್ಗ ಉತ್ತರಿಸಿದ್ದಾರೆ:

ಮೇಲಿನ ಉತ್ತರ ದೊಡ್ಡ ಚಿತ್ರವನ್ನು ಚೆನ್ನಾಗಿ ಕೊಟ್ಟಿದೆ. ಕೊನೆಯಲ್ಲಿ ಬಂದ ‘ದಾಸ್ತಾನು’ ಎಂಬ ಮಾತನ್ನು ನಾನು ಮಣ್ಣಿನ ಕಡೆಯಿಂದ ಬೆಳೆಸುತ್ತೇನೆ, ಏಕೆಂದರೆ ತೋಟಿಗರು ಕೇಳಿದ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಕಾಡು ಎಂದಾಗ ನಾವು ಮರವನ್ನು ಮಾತ್ರ ನೋಡುತ್ತೇವೆ. ಪ್ರಪಂಚದ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿಯೇ ಸುಮಾರು 1,50,000 ಕೋಟಿ ಟನ್ ಸಾವಯವ ಇಂಗಾಲವಿದೆ. ಎಲ್ಲ ಸಸ್ಯಗಳಲ್ಲಿರುವುದನ್ನೂ ಇಡೀ ವಾಯುಮಂಡಲದಲ್ಲಿರುವುದನ್ನೂ ಕೂಡಿಸಿದರೂ ಅದನ್ನು ಮುಟ್ಟುವುದಿಲ್ಲ. ಹೀಗಿರುವಾಗ ತರಗೆಲೆಗೆ ಬೆಂಕಿ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸಲು ಎಲೆಯ ಇಂಗಾಲ ಎಷ್ಟು ಭಾಗ ಗಾಳಿಗೆ ಹೋಯಿತು ಎಂದಷ್ಟೇ ಕೇಳಿದರೆ ಸಾಲದು, ಎಷ್ಟು ಭಾಗ ಮಣ್ಣಿಗೆ ಇಳಿಯಿತು ಎಂದೂ ಕೇಳಬೇಕು.

ನಮ್ಮ ಮಳೆ ಮತ್ತು ಸೆಖೆಯಲ್ಲಿ ಎಲೆ ಬೇಗ ಕೊಳೆಯುತ್ತದೆ, ಅದರ ಇಂಗಾಲದ ಬಹುಪಾಲು ಒಂದೆರಡು ವರ್ಷಗಳಲ್ಲಿ ಗಾಳಿ ಸೇರುತ್ತದೆ. ಆದರೆ ಒಂದು ಸಣ್ಣ ಪಾಲು ಶಿಲೀಂಧ್ರ, ಎರೆಹುಳು ಮತ್ತು ಸೂಕ್ಷ್ಮಜೀವಿಗಳ ದೇಹದ ಮೂಲಕ ಹಾದು ಜೇಡಿಮಣ್ಣಿನ ಕಣಗಳಿಗೂ ಕಬ್ಬಿಣದ ಆಕ್ಸೈಡುಗಳಿಗೂ ಅಂಟಿಕೊಂಡು ದಶಕಗಳವರೆಗೆ, ಕೆಲವೊಮ್ಮೆ ಶತಮಾನಗಳವರೆಗೆ ಉಳಿಯುತ್ತದೆ. ನಮ್ಮ ಕೆಮ್ಮಣ್ಣಿನ ಕಬ್ಬಿಣಕ್ಕೆ ಹೀಗೆ ಇಂಗಾಲವನ್ನು ಹಿಡಿದಿಡುವ ಗುಣವಿದೆ. ಬೆಂಕಿ ಕೊಟ್ಟಾಗ ಕಡಿದುಹೋಗುವುದು ಈ ದಾರಿ. ಸುಟ್ಟ ಜಾಗದಲ್ಲಿ ಸ್ವಲ್ಪ ಇದ್ದಿಲು ಉಳಿಯುತ್ತದೆ, ಅದು ಮಣ್ಣಿನಲ್ಲಿ ಬಹುಕಾಲ ಬಾಳುತ್ತದೆ ಎಂಬುದನ್ನೂ ಹೇಳಬೇಕು. ಆದರೆ ಬೆಟ್ಟದಲ್ಲಿ ಹರಡಿ ಉರಿಯುವ ತೆಳು ತರಗೆಲೆಯಿಂದ ಉಳಿಯುವುದು ಹೆಚ್ಚಾಗಿ ಬೂದಿಯೇ.

ಬೆಂಕಿಯ ನಷ್ಟ ಆ ದಿನಕ್ಕೆ ಮುಗಿಯುವುದೂ ಇಲ್ಲ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನೆಲದ ಹೊದಿಕೆ ಸುಟ್ಟುಹೋದ ಬೆಟ್ಟಕ್ಕೆ ಜೂನ್ ತಿಂಗಳ ಮಳೆ ನೇರವಾಗಿ ಬಡಿಯುತ್ತದೆ. ಹೆಚ್ಚು ಇಂಗಾಲವಿರುವ ಮೇಲ್ಮಣ್ಣೇ ಮೊದಲು ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಮರದ ಸಸಿಗಳು ಸತ್ತುಹೋಗುವುದರಿಂದ ಮುಂದಿನ ತಲೆಮಾರಿನ ಮರಗಳೇ ಇಲ್ಲವಾಗುತ್ತವೆ. ವರ್ಷ ಬಿಡದೆ ಬೆಂಕಿ ಬಿದ್ದ ಬೆಟ್ಟ ಕ್ರಮೇಣ ಬೋಳಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅಂತಹ ಬೆಟ್ಟದಲ್ಲಿ ಹೋದದ್ದೆಲ್ಲವೂ ಮರಳಿ ಬರುತ್ತದೆ ಎಂಬ ವಾದಕ್ಕೆ ಆಧಾರವೇ ಇರುವುದಿಲ್ಲ.

ಅಡಿಕೆ ಸಿಪ್ಪೆಯ ವಿಷಯ ಇನ್ನೂ ಸ್ಪಷ್ಟವಾಗಿದೆ. ರಸ್ತೆಬದಿಯ ಅರೆಹಸಿ ರಾಶಿ ಜ್ವಾಲೆ ಎದ್ದು ಉರಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಆಮ್ಲಜನಕ ಸಾಲದೆ ಬೇಯುವಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಮತ್ತು ಸೂಕ್ಷ್ಮ ಕಣಗಳು ಹೊರಬರುತ್ತವೆ. ಕೊನೆಯ ಈ ಮೂರು ಮರ ವಾಪಸ್ ಹೀರಿಕೊಳ್ಳುವಂಥವಲ್ಲ. ಅಕ್ಕಪಕ್ಕದ ಮನೆಯ ಮಕ್ಕಳೂ ವೃದ್ಧರೂ ಉಸಿರಾಡುವ ಹೊಗೆ ಅದು. ಸಿಪ್ಪೆಯಲ್ಲಿದ್ದ ಸಾರಜನಕವೂ ಬೆಂಕಿಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಷ್ ರಸ್ತೆಬದಿಯ ಚರಂಡಿಯ ಪಾಲಾಗುತ್ತದೆ. ಸಿಪ್ಪೆಯಲ್ಲಿ ನಾರು ಮತ್ತು ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ವಸ್ತು) ಹೆಚ್ಚಿರುವುದರಿಂದ ಅದು ನಿಧಾನವಾಗಿ ಕೊಳೆಯುತ್ತದೆ ಎಂಬುದು ನಿಜ. ಅದಕ್ಕೇ ಅದನ್ನು ಸಗಣಿ ಬಗ್ಗಡದೊಂದಿಗೆ ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ನಡುನಡುವೆ ಮಗುಚಬೇಕು. ಕೊಳೆಯಲು ಹಿಡಿಯುವ ಸಮಯವನ್ನು ದೋಷವೆಂದು ನೋಡಬಾರದು, ನಿಧಾನವಾಗಿ ಕೊಳೆಯುವ ವಸ್ತು ತೋಟದ ನೆಲದಲ್ಲಿ ಹೆಚ್ಚು ಕಾಲ ಹೊದಿಕೆಯಾಗಿ ನಿಲ್ಲುತ್ತದೆ.

ಸೊಪ್ಪಿನಬೆಟ್ಟದ ಬಗ್ಗೆ ಹಲವರಿಗೆ ಹಿಡಿಸದ ಮಾತೊಂದನ್ನು ಹೇಳಲೇಬೇಕು. ಬೆಟ್ಟದ ಸೊಪ್ಪು, ದರಕುಗಳನ್ನು ಕೊಟ್ಟಿಗೆಯ ಮೂಲಕ ತೋಟಕ್ಕೆ ತರುವ ನಮ್ಮ ಹಿರಿಯರ ಪದ್ಧತಿ ತೋಟದ ಮಣ್ಣನ್ನು ತಲೆಮಾರುಗಳ ಕಾಲ ಕಾಪಾಡಿದೆ. ಆದರೆ ಇಂಗಾಲದ ದೃಷ್ಟಿಯಿಂದ ಅದು ಒಂದು ಕಡೆಯಿಂದ ಇನ್ನೊಂದು ಕಡೆಗಾಗುವ ವರ್ಗಾವಣೆ. ತೋಟ ಪಡೆದದ್ದನ್ನು ಬೆಟ್ಟ ಕಳೆದುಕೊಂಡಿರುತ್ತದೆ. ಕೊಂಬೆಗಳನ್ನು ವರ್ಷವೂ ಬೋಳಿಸಿ, ದರಕನ್ನು ನೆಲ ಕಾಣುವವರೆಗೆ ಗುಡಿಸಿದರೆ ಬೆಟ್ಟದ ಮಣ್ಣು ಬಡವಾಗುತ್ತದೆ, ಮರ ಕುಗ್ಗುತ್ತದೆ. ಬೆಟ್ಟವನ್ನು ಭಾಗ ಮಾಡಿಕೊಂಡು ಸರದಿಯ ಮೇಲೆ ಸೊಪ್ಪು ತೆಗೆಯುವುದು, ದರಕಿನಲ್ಲಿ ಒಂದು ಭಾಗವನ್ನು ಬೆಟ್ಟಕ್ಕೇ ಬಿಡುವುದು ಆಗಬೇಕು.

ನಮ್ಮ ಜಿಲ್ಲೆಯಲ್ಲಿ ಮಣ್ಣಿನ ಇಂಗಾಲಕ್ಕೆ ಬೆಂಕಿಗಿಂತಲೂ ಹೆಚ್ಚು ಆತಂಕ ತರುವುದು ಶುಂಠಿಗಾಗಿ ನಡೆಯುವ ಅಗೆತ ಎಂದು ನನಗೆ ಅನ್ನಿಸುತ್ತದೆ. ವರ್ಷಗಳ ಕಾಲ ಹುಲ್ಲು, ಪೊದೆಗಳ ಅಡಿಯಲ್ಲಿದ್ದ ಇಳಿಜಾರಿನ ನೆಲವನ್ನು ಯಂತ್ರದಿಂದ ಆಳವಾಗಿ ತಿರುವಿ ಹಾಕಿದಾಗ ಮಣ್ಣಿನ ಹೆಂಟೆಗಳೊಳಗೆ ಅಡಗಿದ್ದ ಸಾವಯವ ವಸ್ತು ಗಾಳಿಗೆ ತೆರೆದುಕೊಂಡು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಗುತ್ತಿಗೆಯ ಅವಧಿ ಮುಗಿದ ಮೇಲೆ ಬೆಳೆಗಾರರು ಬೇರೆ ನೆಲ ಹುಡುಕಿಕೊಂಡು ಹೋಗುತ್ತಾರೆ. ಕಳೆದುಹೋದ ಮಣ್ಣಿನ ಸಾರ ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕು, ಮತ್ತು ಆ ನಷ್ಟ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಹಿನ್ನೀರಿನ ಹುಡುಗಿ, ಸಾಗರ ಉತ್ತರಿಸಿದ್ದಾರೆ:

ಇಬ್ಬರು ಹಿರಿಯರೂ ಬರೆದದ್ದನ್ನು ಓದಿದೆ. ನೀರಿನ ಅಡಿಯಲ್ಲಿ ನಡೆಯುವುದನ್ನು ಸೇರಿಸುವುದು ಅಗತ್ಯವೆನಿಸಿತು.

ಆಮ್ಲಜನಕವಿರುವಲ್ಲಿ ಕೊಳೆತ ಎಲೆ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ನಿಂತ ನೀರಿನಡಿ ಆಮ್ಲಜನಕವಿಲ್ಲದೆ ಕೊಳೆತರೆ ಅದರ ಇಂಗಾಲದ ಒಂದು ಭಾಗ ಮೀಥೇನ್ ಆಗಿ ಹೊರಬರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಮೀಥೇನಿನ ಶಾಖ ಹಿಡಿಯುವ ಪರಿಣಾಮ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸುಮಾರು 80 ಪಟ್ಟು. ಗಾಳಿಯಿಂದ ಬಂದ ಇಂಗಾಲ ಗಾಳಿಗೇ ಮರಳಿದರೂ ಯಾವ ರೂಪದಲ್ಲಿ ಮರಳಿತು ಎಂಬುದು ಮುಖ್ಯವಾಗುತ್ತದೆ. ಗೆದ್ದಲಿನ ಹೊಟ್ಟೆಯಲ್ಲಿಯೂ ಜೌಗು ನೆಲದಲ್ಲಿಯೂ ಇದು ಪ್ರಕೃತಿಸಹಜವಾಗಿಯೇ ನಡೆಯುತ್ತದೆ, ಆದರೆ ನಾವು ಕಟ್ಟಿದ ಜಲಾಶಯ ಮತ್ತು ನಾವು ನೀರು ನಿಲ್ಲಿಸಿದ ಗದ್ದೆಗಳ ಪಾಲು ನಮ್ಮದು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ 300 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ ನೀರಿನಡಿ ಸೇರಿತು. ಅದರಲ್ಲಿ ಊರುಗಳಿದ್ದವು, ಗದ್ದೆ ತೋಟಗಳಿದ್ದವು, ದಟ್ಟ ಕಾಡೂ ಇತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಇಂದಿಗೂ ಕಾಣುತ್ತವೆ. ನೀರು ಇಳಿದ ದಂಡೆಯಲ್ಲಿ ಪ್ರತಿವರ್ಷ ಹೊಸ ಹುಲ್ಲು ಬೆಳೆದು, ಮಳೆಗಾಲದಲ್ಲಿ ಮುಳುಗಿ, ಕೊಳೆಯುತ್ತದೆ. ಜಲವಿದ್ಯುತ್ತಿಗೆ ಹೊಗೆಯಿಲ್ಲ ಎಂಬುದು ನಿಜ, ಇಂಗಾಲವೇ ಇಲ್ಲ ಎಂಬುದು ನಿಜವಲ್ಲ. ಜಲಾಶಯದ ತಳಕ್ಕೆ ಇಳಿಯುವ ಹೂಳಿನ ಜೊತೆ ಒಂದಿಷ್ಟು ಇಂಗಾಲ ಹೂತುಹೋಗುವುದೂ ಉಂಟು, ನ್ಯಾಯವಾಗಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗದ್ದೆಯ ವಿಷಯದಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆಯೆಂದರೆ ಬೆಳೆಯ ನಡುವೆ ಒಮ್ಮೆ ನೀರು ಬಸಿದು ಮಣ್ಣಿಗೆ ಗಾಳಿಯಾಡಿಸುವುದು. ಜುಲೈ, ಆಗಸ್ಟ್ ತಿಂಗಳ ನಮ್ಮ ಮಳೆಯಲ್ಲಿ ಮಲೆನಾಡಿನ ಗದ್ದೆಗಳಿಗೆ ಅದು ಹೊಂದುವುದಿಲ್ಲ. ಮಳೆಯ ಜೋರು ತಗ್ಗಿದ ಮೇಲೆ, ಹೂ ಬಿಡುವ ಹಂತವನ್ನು ತಪ್ಪಿಸಿ ಪ್ರಯತ್ನಿಸಬಹುದು. ಅದಕ್ಕಿಂತ ಸುಲಭವಾದದ್ದು ಇನ್ನೊಂದಿದೆ: ನೀರು ನಿಂತ ಗದ್ದೆಗೆ ಹಸಿ ಸೊಪ್ಪನ್ನು ನೇರವಾಗಿ ತುಳಿಯುವ ಬದಲು ಚೆನ್ನಾಗಿ ಕಳಿತ ಗೊಬ್ಬರ ಹಾಕುವುದು. ಹಸಿ ಸೊಪ್ಪಿನಲ್ಲಿ ಸುಲಭವಾಗಿ ಕೊಳೆಯುವ ಇಂಗಾಲ ಹೆಚ್ಚಿರುವುದರಿಂದ ಮೀಥೇನ್ ಕೂಡ ಹೆಚ್ಚು ಹುಟ್ಟುತ್ತದೆ.

ಹೊಸನಗರದ ತೋಟಿಗ ಬರೆದಿದ್ದಾರೆ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಸೊಪ್ಪಿನಬೆಟ್ಟದ ಬಗ್ಗೆ ಬರೆದದ್ದು ಕಹಿಯಾದರೂ ಸರಿಯಾಗಿದೆ. ನಮ್ಮ ಕಡೆ ಬೆಟ್ಟಗಳು ಸೊರಗಿರುವುದಕ್ಕೆ ಬೆಂಕಿಯೊಂದನ್ನೇ ದೂರಿ ಪ್ರಯೋಜನವಿಲ್ಲ. ಎರಡು ವಿಷಯಗಳನ್ನು ಕೇಳಲು ಅನುಮತಿ ಕೊಡಿ. ಬೋಳು ಬೆಟ್ಟಕ್ಕೆ ಅಕೇಶಿಯಾ ಹಾಕಿಸಿದರೆ ಇಂಗಾಲ ಬೇಗ ಹಿಡಿಯುತ್ತದೆ ಎಂದು ಹೇಳುವವರಿದ್ದಾರೆ, ಅದು ಸರಿಯೇ? ಮಣ್ಣು ಹುಳಿಯೆಂದು ನಾವು ತೋಟಕ್ಕೆ ಹಾಕುವ ಸುಣ್ಣವೂ ಈ ಚಕ್ರದೊಳಗೆ ಬರುತ್ತದೆಯೇ?

ಮಣ್ಣಿನ ವಿದ್ಯಾರ್ಥಿ, ಶಿವಮೊಗ್ಗ ಉತ್ತರಿಸಿದ್ದಾರೆ:

ಅಕೇಶಿಯಾ ಬೇಗ ಬೆಳೆಯುತ್ತದೆ, ಆದ್ದರಿಂದ ಬೇಗ ಹೀರುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ನೆಡುವುದೇ ಕೆಲವು ವರ್ಷಗಳಲ್ಲಿ ಕಡಿಯುವ ಉದ್ದೇಶದಿಂದ. ಕಡಿದ ಮರ ಸೌದೆಯಾದರೆ ಇಂಗಾಲ ಕೂಡಲೇ ಗಾಳಿಗೆ ಹೋಗುತ್ತದೆ, ಕಾಗದವಾದರೆ ಕೆಲವು ವರ್ಷಗಳಲ್ಲಿ ಹೋಗುತ್ತದೆ, ಮನೆಯ ತೊಲೆಯೋ ಪೀಠೋಪಕರಣವೋ ಆದರೆ ಮಾತ್ರ ದಶಕಗಳ ಕಾಲ ನಿಲ್ಲುತ್ತದೆ. ಬೆಳವಣಿಗೆಯ ವೇಗ ಒಂದು ವಿಷಯ, ಎಷ್ಟು ಕಾಲ ಹಿಡಿದಿಟ್ಟಿತು ಎಂಬುದು ಬೇರೆಯೇ ವಿಷಯ. ನಿಜವಾಗಿಯೂ ಮಣ್ಣು ಕಿತ್ತುಹೋದ ಗುಡ್ಡದಲ್ಲಿ ಅಕೇಶಿಯಾದಿಂದ ಆರಂಭದಲ್ಲಿ ಲಾಭವಿದೆ. ಆದರೆ ಸ್ವಾಭಾವಿಕ ಗಿಡಗಳು ಚಿಗುರುತ್ತಿರುವ ಬೆಟ್ಟವನ್ನು ಸವರಿ, ಗುಂಡಿ ತೋಡಿ ಅದನ್ನು ನೆಟ್ಟರೆ ಮೊದಲು ಆಗುವುದು ನಷ್ಟ. ಅದರ ಎಲೆ ನಿಧಾನವಾಗಿ ಕೊಳೆಯುವುದರಿಂದ ಬೇಸಿಗೆಯಲ್ಲಿ ನೆಲದ ಮೇಲೆ ದಪ್ಪನೆಯ ಒಣ ಪದರವಾಗಿ ಉಳಿದು ಬೆಂಕಿಗೆ ಮೇವಾಗುತ್ತದೆ. ಸೊರಬದ ಕಡೆಯ ಹಳೆಯ ಕಾನುಗಳನ್ನು (ದಟ್ಟ ನಿತ್ಯಹಸಿರು ಕಾಡುಗಳನ್ನು) ನೋಡಿದವರಿಗೆ ವ್ಯತ್ಯಾಸ ಗೊತ್ತಿರುತ್ತದೆ: ದೊಡ್ಡ ಕಾಂಡ, ಆಳದ ಬೇರು, ಕಪ್ಪು ಮೇಲ್ಮಣ್ಣು, ಅದರಡಿಯಿಂದ ಒಸರುವ ನೀರು. ಅಂತಹ ಒಂದು ಕಾನನ್ನು ಉಳಿಸಿಕೊಂಡರೆ ಉಳಿಯುವ ಇಂಗಾಲವನ್ನು ಹೊಸ ನೆಡುತೋಪಿನಿಂದ ತುಂಬಿಸಲು ಹಲವು ದಶಕಗಳು ಸಾಲುವುದಿಲ್ಲ. ನಿಮ್ಮ ಬೆಟ್ಟಕ್ಕೆ ಮೊದಲು ಬೇಕಾದದ್ದು ಬೆಂಕಿ ಮತ್ತು ಅತಿಯಾದ ಮೇಯಿಸುವಿಕೆಯಿಂದ ಕೆಲವು ವರ್ಷಗಳ ಬಿಡುವು. ತಾನಾಗಿ ಬರುವ ಮತ್ತಿ, ಹೊನ್ನೆ, ನಂದಿಗಳನ್ನು ಉಳಿಸಿಕೊಂಡು, ಖಾಲಿ ಇರುವಲ್ಲಿ ಮಾತ್ರ ನೆಡುವುದು ಒಳ್ಳೆಯದು.

ಸುಣ್ಣದ ಪ್ರಶ್ನೆಯನ್ನು ಕೇಳಿದ್ದು ಸಂತೋಷ. ಸುಣ್ಣಕಲ್ಲು ಎಂದರೆ ತೀರ್ಥಹಳ್ಳಿಯ ಗೆಳೆಯರು ವಿವರಿಸಿದ ನಿಧಾನದ ಚಕ್ರ ಹಿಂದೆಂದೋ ಸಮುದ್ರದಲ್ಲಿ ಕೂಡಿಟ್ಟ ಇಂಗಾಲ. ಶುದ್ಧವಾದ 100 ಕಿಲೋ ಸುಣ್ಣಕಲ್ಲಿನಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಬಂಧಿತವಾಗಿರುತ್ತದೆ. ಸುಟ್ಟ ಸುಣ್ಣವನ್ನು ತಂದರೆ ಅದು ಗೂಡಿನಲ್ಲೇ ಹೊರಹೋಗಿರುತ್ತದೆ. ಕಲ್ಲಿನ ಪುಡಿಯನ್ನು ಹಾಕಿದರೆ ಹುಳಿಮಣ್ಣಿನಲ್ಲಿ ಅದು ಕರಗುವಾಗ ಬಹುಪಾಲು ಹೊರಬರುತ್ತದೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದೂ ಹೀಗೆ ಸುಣ್ಣಕಲ್ಲಿನಿಂದಲೇ, ಇಂಧನದಿಂದಲ್ಲ. ಹಾಗೆಂದು ತೋಟಕ್ಕೆ ಸುಣ್ಣ ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ. ಅತಿ ಹುಳಿಯಾದ ಮಣ್ಣಿನಲ್ಲಿ ಬೇರು ಬೆಳೆಯದಿದ್ದರೆ ಮಣ್ಣಿಗೆ ಸೇರುವ ಸಾವಯವ ವಸ್ತುವೂ ಕಡಿಮೆಯಾಗುತ್ತದೆ. ಅಂದಾಜಿನ ಮೇಲೆ ವರ್ಷವೂ ಸುರಿಯುವುದನ್ನು ಬಿಟ್ಟು ಮಣ್ಣು ಪರೀಕ್ಷೆಯ ಆಧಾರದ ಮೇಲೆ ಅಗತ್ಯವಿದ್ದಷ್ಟು ಹಾಕಿದರೆ ಸಾಕು.

ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರದ (pH) ಜೊತೆಗೆ ಸಾವಯವ ಇಂಗಾಲದ ಪ್ರಮಾಣವನ್ನೂ ನಮೂದಿಸಿರುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಾಲನ್ನು ಓದಿ ಅದನ್ನು ಬಿಟ್ಟುಬಿಡುತ್ತಾರೆ. ನೀವು ತೋಟದಿಂದ ಒಂದು, ಬೆಂಕಿ ಬೀಳುವ ಬೆಟ್ಟದಿಂದ ಒಂದು, ಬೆಂಕಿ ಬೀಳದೆ ಉಳಿದ ಬೆಟ್ಟದಿಂದ ಒಂದು ಮಾದರಿಯನ್ನು ಒಂದೇ ಆಳದಿಂದ, ಒಂದೇ ಋತುವಿನಲ್ಲಿ ತೆಗೆದು ಪರೀಕ್ಷೆಗೆ ಕೊಡಿ. ಪ್ರತಿ ಮಾದರಿಗೂ ನಾಲ್ಕಾರು ಕಡೆಯ ಮಣ್ಣನ್ನು ಬೆರೆಸಿ, ಮೇಲಿನ ತರಗೆಲೆಯನ್ನು ಸರಿಸಿಯೇ ಅಗೆಯಬೇಕು, ಇಲ್ಲವಾದರೆ ಅಂಕಿ ತಪ್ಪಾಗುತ್ತದೆ. ಊರಿನ ಸಭೆಗೆ ಆ ಮೂರು ಚೀಟಿಗಳನ್ನೂ ಒಯ್ಯಿರಿ.